ರೇವಣಪ್ಪ ಬರೆಸಿದ ಮನವಿ

ಅಮೆರಿಕದ ಸ್ಟರ್ಲಿಂಗ್ ಹೈಟ್ಸಿನ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಫ್ರೆಂಚ್ ಮಾತಿನಿಂದ. ಸೊಸೆ ಛಾಯಾ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಲೇ ಪಾಠದ ಸಿ.ಡಿ. ಹಚ್ಚುತ್ತಿದ್ದಳು. ಅದರೊಳಗಿನ ಹೆಂಗಸು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದಳು. ಕಲಿಯುವವರು ಉತ್ತರ ಹೇಳಲೆಂದು ಬಿಟ್ಟ ಬಿಡುವು ಅದು. ಅಷ್ಟರೊಳಗೆ ಛಾಯಾ ಸೌಟು ಹಿಡಿದೇ ಉತ್ತರ ಒಪ್ಪಿಸಬೇಕು. ಕಾಫಿ ಲೋಟ ಹಿಡಿದು ಎದುರಿಗೆ ಕೂತ ಮಾವ ರೇವಣಪ್ಪನಿಗೆ ಪ್ರಶ್ನೆಯೂ ತಿಳಿಯದು, ಉತ್ತರವೂ ತಿಳಿಯದು. ಆದರೂ ಸೊಸೆ ತಡವರಿಸಿದರೆ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಹೊಡೆದುಕೊಳ್ಳದೆ ಏನು ಮಾಡೀತು? ಅದು ಡೆಟ್ರಾಯಿಟ್ ಸುತ್ತಿನ ಕಾರಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಎಳೆದುಕೊಂಡ ಎರಡು ಸಾವಿರದ ಒಂಬತ್ತನೆಯ ಇಸವಿ. ಮಗ ನಿರಂಜನ ಇಂಜಿನಿಯರು. ಸಂಕ್ರಾಂತಿಗೆ ಮುಂಚೆಯೇ ಅವನ ಕೆಲಸ ಹೋಗಿತ್ತು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು, ಯಾರೇ ಫೋನು ಮಾಡಿದರೂ "ಅಪ್ಲೈ ಮಾಡಿದೀನಿ, ನೋಡ್ಬೇಕು" ಎನ್ನುವುದೊಂದೇ ಅವನ ಮಾತಾಗಿತ್ತು. ಮನೆ ನಡೆಯುತ್ತಿದ್ದುದು ಛಾಯಾಳ ಸಂಬಳದಲ್ಲಿ.

ಅವಳ ಕೆಲಸ ಹೊಳೆಯಾಚೆ, ಕೆನಡಾ ದೇಶದ ವಿಂಡ್ಸರಿನಲ್ಲಿ. ಮೈಸೂರಿನಿಂದ ಓದಲು ಅಲ್ಲಿಗೆ ಬಂದು, ಅಲ್ಲಿಯ ಪ್ರಜೆಯಾಗಿ, ಅಲ್ಲಿಯ ಸರ್ಕಾರಿ ಕಚೇರಿಯೊಂದಕ್ಕೆ ಸೇರಿದವಳು. ಮದುವೆಯಾದ ಮೇಲೆ ಈಚೆ ದಡಕ್ಕೆ ಬಂದರೂ ಕೆಲಸ ಬಿಡಲಿಲ್ಲ. ದಿನಾ ಸೇತುವೆ ದಾಟಿ ಹೋಗುತ್ತಿದ್ದಳು. ಪಿಂಚಣಿ ಕೇಳುವವರು, ಕೆಲಸ ಕಳೆದುಕೊಂಡವರು ಬರುವ ಕಿಟಕಿ ಅವಳದು. ಕಿಟಕಿಗೆ ಯಾರೇ ಬರಲಿ, ಮೊದಲು "ಹಲೋ, ಬೋಂಜೂರ್" ಎಂದು ಇಂಗ್ಲಿಷಿನಲ್ಲೊಮ್ಮೆ ಫ್ರೆಂಚಿನಲ್ಲೊಮ್ಮೆ ನಮಸ್ಕಾರ ಹೇಳಬೇಕು. ಆ ದೇಶದ ಸರ್ಕಾರಕ್ಕೆ ಎರಡು ಭಾಷೆ. ಬಂದವರು ಯಾವುದರಲ್ಲಿ ಕೇಳಿದರೆ ಅದರಲ್ಲೇ ಉತ್ತರ ಕೊಡಬೇಕೆಂಬುದು ಕಾನೂನು.

ಛಾಯಾಳದು ವರ್ಷವರ್ಷಕ್ಕೂ ಮುಂದುವರಿಸುವ ಹಂಗಾಮಿ ಕೆಲಸ. ಈಗ ಆ ಜಾಗವನ್ನು ಕಾಯಂ ಮಾಡುತ್ತೇವೆ, ಕೂರುವವರಿಗೆ ಎರಡೂ ಭಾಷೆ ಬರಲೇಬೇಕು ಎಂದು ಆದೇಶವಾಗಿತ್ತು. ಫ್ರೆಂಚ್ ಓದುವ ಪರೀಕ್ಷೆ ಅವಳಿಗೆ ದಕ್ಕಿತು, ಬರೆಯುವುದೂ ದಕ್ಕಿತು. ಆದರೆ ಎದುರಿಗೆ ಮನುಷ್ಯರು ಕೂತು ಮಾತಾಡಿಸಿದರೆ ನಾಲಿಗೆ ಹೊರಳುತ್ತಿರಲಿಲ್ಲ. ಎರಡು ಸಲ ಹೋಗಿ ಎರಡು ಸಲವೂ ಸೋತು ಬಂದಿದ್ದಳು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಭಾಷೆಯ ನೀತಿ ನೋಡಿಕೊಳ್ಳುವ ಅಧಿಕಾರಿಣಿಯೊಬ್ಬಳು ರಾಜಧಾನಿಯಿಂದ ಬರುತ್ತಾಳೆ, ಈ ಕಚೇರಿಗೆ ಎರಡು ಭಾಷೆ ಬೇಕೋ ಒಂದು ಸಾಕೋ ಎಂದು ಊರವರನ್ನು ವಿಚಾರಿಸುತ್ತಾಳೆ ಎಂದು. ಸುದ್ದಿ ತಂದವನು ಕೇಶವ. ಧಾರವಾಡದ ಕಡೆಯವನು, ವಿಂಡ್ಸರಿನಲ್ಲಿ ಮನೆ ಮಾಡಿಕೊಂಡಿದ್ದವನು. ನಿರಂಜನನ ಜೊತೆಯಲ್ಲೇ ಕೆಲಸ ಕಳೆದುಕೊಂಡಿದ್ದ. ಭಾನುವಾರ ಊಟಕ್ಕೆ ಬಂದವನು ಕೈ ತೊಳೆಯುವ ಮೊದಲೇ ಶುರು ಮಾಡಿದ.

"ಕಾಕಾ, ನೀವು ಸುಮ್ಮ ಕುಂತ್ರ ಹೆಂಗ್ರೀ? ಒಂದು ಮನವಿ ಬರೀರಿ. ಊರಾಗಿನ ನಮ್ಮವರ ಸಹಿ ಎಲ್ಲಾ ನಾ ಹಾಕಿಸ್ತೀನಿ. ಬೆಂಗಳೂರಾಗ ಸರಕಾರನ ಅಳ್ಳಾಡಿಸಿದವರಂತಲ್ಲ ನೀವು!"

"ಅಳ್ಳಾಡಿಸ್ಲಿಲ್ಲ ಕಣಯ್ಯಾ. ಒಂದು ಕಿಟಕಿ ತೆಗೆಸಿದೊ, ಅಷ್ಟೆ" ಎಂದ ರೇವಣಪ್ಪ. ಹೇಳುವಾಗ ಎದೆ ಒಂದಿಷ್ಟು ಉಬ್ಬಿತು.

"ಅಷ್ಟೆ ಅಂತೆ!" ಛಾಯಾ ನಕ್ಕಳು. "ಕನ್ನಡ ಕೂಟದಲ್ಲಿ ಮೈಕ್ ಸಿಕ್ಕಿದ್ರೆ ಮಾವ ಆ ಕಿಟಕಿ ಕತೆ ಮುಗಿಸೋ ಹೊತ್ತಿಗೆ ಹೋಳಿಗೆ ತಣ್ಣಗಾಗಿರುತ್ತೆ."

ಆ ಕಿಟಕಿಯ ಕತೆ ಇಷ್ಟು. ರೇವಣಪ್ಪ ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಲೇತ್ ತಿರುಗಿಸಿದವನು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು, ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ ಓದಿ ತನಗೆ ತಾನೇ ಮೇಷ್ಟರಾದವನು. ಅಪ್ಪ ಸತ್ತಾಗ ಅವ್ವ ಚಿಕ್ಕತಾಯಮ್ಮ ಮಾಗಡಿಯಿಂದ ಬಂದು ಪಿಂಚಣಿಗಾಗಿ ಕೇಂದ್ರ ಸರ್ಕಾರದ ಕಚೇರಿಗೆ ಹೋದಳು. ಆ ಸರ್ಕಾರಕ್ಕೂ ಎರಡು ಭಾಷೆ, ಹಿಂದಿ ಮತ್ತು ಇಂಗ್ಲಿಷು. ಅವ್ವನ ಭಾಷೆ ಆ ಎರಡರಲ್ಲಿ ಇರಲಿಲ್ಲ. ಕಿಟಕಿಯೊಳಗಿನವನು ಏನೇನೋ ಹೇಳಿದ. ಅವ್ವ ಎಲ್ಲದಕ್ಕೂ ತಲೆಯಾಡಿಸಿ ಮನೆಗೆ ಬಂದಳು. "ಏನಂದ್ರವ್ವ?" ಎಂದರೆ, "ಒಳ್ಳೇ ಮನುಸ ಕಣಪ್ಪ, ಏನೋ ಹೇಳ್ದ" ಎಂದಳು. ಅವತ್ತಿನಿಂದ ರೇವಣಪ್ಪ ಗೆಳೆಯರನ್ನು ಕಟ್ಟಿಕೊಂಡು ಆ ಕಚೇರಿಯ ಮುಂದೆ ಕೂತ. ಮನವಿಯ ಮೇಲೆ ಮನವಿ ಬರೆದ.

ಕೊನೆಗೊಂದು ದಿನ ಮೇಲಧಿಕಾರಿ ಒಳಗೆ ಕರೆಸಿ ಕೇಳಿದ, "ಕನ್ನಡ ಒಂದೇ ಬಲ್ಲವರು ಇಲ್ಲಿಗೆ ಎಷ್ಟು ಜನ ಬರ್ತಾರಪ್ಪ? ದಿನಕ್ಕೊಬ್ಬರೂ ಇಲ್ಲ. ಬಾರದವರಿಗಾಗಿ ಒಂದು ಕುರ್ಚಿ ಹಾಕಲೇ?"

ರೇವಣಪ್ಪ ನಿಂತಲ್ಲೇ ಅಂದ, "ಬರೋರು ಇಲ್ಲ ಅಂತಲ್ಲ ಸ್ವಾಮಿ. ಕೇಳಿ ಕೇಳಿ ಸಿಗದೆ, ಕೇಳೋದನ್ನೇ ಬಿಟ್ಟವರೆ."

ಅಧಿಕಾರಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮಳೆಗಾಲ ಮುಗಿಯುವುದರೊಳಗೆ ಅಲ್ಲಿ ಕನ್ನಡದ ಕಿಟಕಿಯೊಂದು ತೆರೆಯಿತು. ಈ ಮಾತು ಮನೆಯವರಿಗೆಲ್ಲ ಬಾಯಿಪಾಠ. ಅಜ್ಜ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಗಳು ಮಾನ್ಯಾ ಕೂಡ ಆ ಒಂದು ಸಾಲನ್ನು ಅಜ್ಜನ ದನಿಯಲ್ಲೇ ಕನ್ನಡದಲ್ಲಿ ಹೇಳಿ ನಗಿಸುತ್ತಿದ್ದಳು.

"ಆ ಕಚೇರ್ಯಾಗ ಫ್ರೆಂಚ್ ಕೇಳಾಕ ಯಾರ್ ಬರ್ತಾರ್ರೀ ಕಾಕಾ? ಎಂದಾರ ಒಮ್ಮೆ ಒಬ್ಬ ಮುದುಕಿ. ಅಕಿಗೂ ಇಂಗ್ಲಿಷ್ ಬರ್ತೈತಿ!" ಎಂದ ಕೇಶವ.

"ಬರೆಯೋಣ" ಎಂದ ರೇವಣಪ್ಪ. "ಆದ್ರೆ ಕಣ್ಣಾರೆ ನೋಡದೆ ನಾನು ಯಾವತ್ತೂ ಮನವಿ ಬರೆದೋನಲ್ಲ. ಮೊದ್ಲು ಅಲ್ಲಿ ಹೋಗಿ ಕೂತ್ಕೋತೀನಿ."

"ಮಾವ, ಅದೇನು ಸಿನಿಮಾನಾ?" ಎಂದಳು ಛಾಯಾ. ಆದರೂ ಮರುದಿನ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಕಾಯುವವರ ಸಾಲಿನ ಕುರ್ಚಿಯಲ್ಲಿ ರೇವಣಪ್ಪ ಕೋಟು ಬಿಚ್ಚದೆ ಕೂತ. ಬಂದವರು ಬಂದರು, ಹೋದವರು ಹೋದರು. ಪಂಜಾಬಿಗಳು, ಅರಬರು, ಬಿಳಿಯರು, ಎಲ್ಲರದೂ ಇಂಗ್ಲಿಷೇ. ಕೇಶವ ಹೇಳಿದ್ದು ಸರಿ ಎಂದು ರೇವಣಪ್ಪನ ಮನಸ್ಸು ಹಗುರಾಯಿತು. ಇಲ್ಲಿ ನೋಡಿದ್ದನ್ನು ನೋಡಿದ ಹಾಗೇ ಬರೆದರೆ ಸಾಕು, ಸೊಸೆಯ ಕುರ್ಚಿ ಉಳಿಯುತ್ತದೆ.

ಊಟದ ಹೊತ್ತು ಹತ್ತಿರವಾದಾಗ ಒಬ್ಬ ಮುದುಕಿ ಬಂದಳು. ಊರಾಚೆ ದೊಡ್ಡ ಕೆರೆಯ ದಡದ ಹಳ್ಳಿಯವಳಿರಬೇಕು. ಮಣ್ಣು ಹತ್ತಿದ ಬೂಟು, ತಲೆಗೆ ಬಟ್ಟೆ. ಛಾಯಾ "ಹಲೋ, ಬೋಂಜೂರ್" ಅಂದಳು. ಬೋಂಜೂರ್ ಎಂದದ್ದೇ ಮುದುಕಿಯ ಮುಖ ಅರಳಿತು. ತೂಬು ತೆಗೆದಂತೆ ಫ್ರೆಂಚು ಹರಿಯಿತು. ತಡೆದು ತಡೆದು ಹೇಳಿದಳು, ಕಣ್ಣೊರೆಸಿಕೊಂಡು ಹೇಳಿದಳು, ಬೆರಳಿನ ಉಂಗುರ ತೋರಿಸಿ ಹೇಳಿದಳು. ಗಂಡ ತೀರಿಕೊಂಡಿದ್ದಾನೆಂದು ದೂರ ಕೂತ ರೇವಣಪ್ಪನಿಗೂ ತಿಳಿಯಿತು. ಛಾಯಾ ಕೆಂಪಾದಳು. ಒಂದೆರಡು ಮಾತು ಹುಡುಕಿ ಹೇಳಿದಳು. ಆಮೇಲೆ ಬೇರೆ ಊರಿನ ಕಚೇರಿಯಲ್ಲಿ ಫ್ರೆಂಚ್ ಬಲ್ಲವರಿಗೆ ಫೋನು ಹಚ್ಚಿದಳು. ಫೋನು ಸಂಗೀತ ನುಡಿಸುತ್ತಲೇ ಇತ್ತು. ಮುದುಕಿ ಸ್ವಲ್ಪ ಹೊತ್ತು ಕಾದಳು, ಹಿಂದಿನ ಸಾಲನ್ನು ತಿರುಗಿ ನೋಡಿದಳು, ಛಾಯಾಳ ಕೈಯನ್ನು ಮೆಲ್ಲಗೆ ತಟ್ಟಿ ಮುರುಕು ಇಂಗ್ಲಿಷಿಗೆ ಇಳಿದಳು. ಛಾಯಾ ನಿಧಾನವಾಗಿ, ಬಿಡಿಸಿ ಬಿಡಿಸಿ ವಿವರಿಸಿದಳು. ಮುದುಕಿ ಪ್ರತಿ ಮಾತಿಗೂ ತಲೆಯಾಡಿಸಿದಳು.

ಆ ತಲೆಯಾಡಿಸುವುದನ್ನು ರೇವಣಪ್ಪ ಬಲ್ಲ.

ಹಿಂದಿರುಗುವಾಗ ಸೇತುವೆಯ ಮೇಲೆ ಲಾರಿಗಳ ಸಾಲು. ಛಾಯಾ ತಾನೇ ಮಾತು ತೆಗೆದಳು.

"ನೋಡಿದ್ರಲ್ಲ ಮಾವ, ದಿನವೆಲ್ಲ ಕಾದ್ರೆ ಒಬ್ರು. ಅವರಿಗೂ ಕೊನೆಗೆ ಅರ್ಥ ಆಯ್ತು."

"ಆಯ್ತೇನವ್ವಾ?"

"ತಲೆ ಆಡಿಸಿದ್ರಲ್ಲ!"

ರೇವಣಪ್ಪ ಮುಖ ತಿರುಗಿಸಿ ಹೊರಗೆ ನೋಡಿದ. ಕೆಳಗೆ ಹೊಳೆಯಲ್ಲಿ ಮಂಜುಗಡ್ಡೆಯ ಹೋಳುಗಳು ತೇಲುತ್ತಿದ್ದವು. ಛಾಯಾಗೆ ಅದೇ ಚುಚ್ಚಿತು.

"ಹೇಳಿಬಿಡಿ ಮಾವ. ನಾನು ಆ ಜಾಗ ಬಿಟ್ಟು ಏಳ್ಬೇಕು ಅಂತ ತಾನೇ? ಎದ್ರೆ ಮನೆ ಏನಾಗುತ್ತೆ? ನಿರಂಜನ್ ಮುಖ ನೋಡಿದೀರಾ? ನಾನೇನು ಕಲಿಯಲ್ಲ ಅಂದ್ನಾ? ಬಚ್ಚಲಲ್ಲೂ ಕಲೀತಿದೀನಿ. ಎದುರಿಗೆ ಕೂತು ಕೇಳಿದ್ರೆ ಬಾಯಿ ಕಟ್ಟುತ್ತೆ, ನಾನೇನ್ ಮಾಡ್ಲಿ?"

"ನಿನ್ನ ತಪ್ಪು ಏನೂ ಇಲ್ಲ ಕಣವ್ವ."

"ಹಾಗಾದ್ರೆ ಯಾರದು?"

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಲೀಸಾಗಿತ್ತು. ತಪ್ಪು ಮಾಡಿದವನು ಕಿಟಕಿಯೊಳಗೆ ಕೂತಿದ್ದ, ಅವ್ವ ಹೊರಗೆ ನಿಂತಿದ್ದಳು. ಇಲ್ಲಿ ಒಳಗೆ ಕೂತವಳೂ ತನ್ನವಳೇ.

ಎರಡು ದಿನ ಕೇಶವನ ಫೋನಿಗೆ ಸಿಗದೆ ಓಡಾಡಿದ. ಮೂರನೆಯ ಸಂಜೆ ನಿರಂಜನನೇ ಬಂದು ಪಕ್ಕದಲ್ಲಿ ಕೂತ. ಕೆಲಸವಿದ್ದಾಗ ದಿನಾ ಗಡ್ಡ ಹೆರೆಯುತ್ತಿದ್ದ ಮಗ, ಈಗ ಗುರುತು ಸಿಗದ ಹಾಗಿದ್ದ. "ಅಪ್ಪ, ಬರೆಸಿಬಿಡು. ನಿನಗೆ ಇಷ್ಟ ಇಲ್ಲ ಅಂತ ಗೊತ್ತು" ಎಂದ.

ರೇವಣಪ್ಪ ಕನ್ನಡದಲ್ಲಿ ಹೇಳುತ್ತಾ ಹೋದ, ನಿರಂಜನ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಹೋದ. ಊರು, ಕಚೇರಿ, ಬರುವ ಜನ, ಕೆಲಸ ಬಲ್ಲ ಉದ್ಯೋಗಿ, ಎಲ್ಲ ಸೊಗಸಾಗಿ ಬಂತು. ಕೊನೆಗೆ ಗಟ್ಟಿಯಾದ ಒಂದು ಮಾತು ಬೇಕಿತ್ತು. ರೇವಣಪ್ಪ ಕಣ್ಣು ಮುಚ್ಚಿಕೊಂಡು ಹೇಳಿದ:

"ಫ್ರೆಂಚ್ ಒಂದೇ ಬಲ್ಲವರು ಇಲ್ಲಿಗೆ ಎಷ್ಟು ಜನ ಬರುತ್ತಾರೆ? ದಿನಕ್ಕೊಬ್ಬರೂ ಇಲ್ಲ. ಬಾರದವರಿಗಾಗಿ ಒಂದು ಕುರ್ಚಿ ಹಾಕಬೇಕೆ?"

ನಿರಂಜನನ ಬೆರಳು ನಿಂತಿತು. "ಅಪ್ಪ, ಇದು ಆ ಆಫೀಸರ್..."

"ಹಾಕು."

ಛಾಯಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹಾಗೇ ಒಳಗೆ ಹೋದಳು. ಮನವಿಯ ಕೆಳಗೆ ಮೊದಲ ಸಹಿ ರೇವಣಪ್ಪನದು. ಅಕ್ಷರ ಕಲಿತಾಗಿನಿಂದ ಎಲ್ಲ ಕಡೆ ಹಾಕಿದ ಹಾಗೆ, ಕನ್ನಡದಲ್ಲೇ.

ಅಧಿಕಾರಿಣಿ ಬಂದಳು, ಕೂತಳು, ಮನವಿ ಓದಿದಳು. ಕಚೇರಿಯವರನ್ನೂ ಒಳಗೆ ಕರೆದು ಮಾತಾಡಿಸಿದಳು. ಅವತ್ತು ಛಾಯಾ ಮನೆಗೆ ಬಂದಾಗ ಬೂಟು ಕೂಡ ಬಿಚ್ಚದೆ ಸೋಫಾದ ಅಂಚಿಗೆ ಕೂತಳು.

"ಒಳ್ಳೆಯೋಳು ಮಾವ. ಒಂದು ಕೆಟ್ಟ ಮಾತಾಡ್ಲಿಲ್ಲ. ಕೇಶವ್ ಹಾಕಿಸಿದ ಸಹಿ ಎಲ್ಲ ಓದಿದ್ಲು. ಈಚೆ ದಡದವರದು ಲೆಕ್ಕಕ್ಕೆ ಬರಲ್ಲ ಅಂತ ನಿಮ್ಮ ಸಹಿ ತೆಗೆದಿಟ್ಲು. ಇದು ಯಾವ ಲಿಪಿ, ಚೆನ್ನಾಗಿದೆ ಅಂದ್ಲು."

"ಆಮೇಲೆ?"

"ಕೊನೆ ಸಾಲು ಜೋರಾಗಿ ಓದಿ ನನ್ನ ಮುಖ ನೋಡಿದ್ಲು. ಏನಂದ್ಲು ಗೊತ್ತಾ?"

"ಬೇಡ ಕಣವ್ವ" ಎಂದ ರೇವಣಪ್ಪ.

"ಬರೋರು ಇಲ್ಲ ಅಂತಲ್ಲ. ಕೇಳಿ ಕೇಳಿ ಸಿಗದೆ, ಕೇಳೋದನ್ನೇ ಬಿಟ್ಟಿದ್ದಾರೆ, ಅಂದ್ಲು."

ಮಾನ್ಯಾ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ದಟ್ಸ್ ತಾತಾಸ್ ಲೈನ್!" ಎಂದು ನಗಲು ಹೋದವಳು, ದೊಡ್ಡವರ ಮುಖ ನೋಡಿ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು.

"ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ ಮಾವ. ನೀವಾಗಿದ್ರೆ ಏನು ಹೇಳ್ತಿದ್ರಿ?"

ರೇವಣಪ್ಪ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಮನವಿ ಬರೆದು ಪಳಗಿದ ತಲೆ, ಎಲ್ಲಾದರೂ ಒಂದು ಸಂದು ಸಿಕ್ಕೀತೆಂದು ಆ ಮಾತನ್ನು ಎಲ್ಲ ಕಡೆಯಿಂದಲೂ ತಟ್ಟಿ ನೋಡಿತು.

"ಅದಕ್ಕೆ ಉತ್ತರ ಇಲ್ಲ ಕಣವ್ವ. ಇದ್ದಿದ್ರೆ ಅವತ್ತು ಆ ಆಫೀಸರೇ ಹೇಳಿರೋನು."

ಎರಡು ಭಾಷೆ ಬಲ್ಲ ಹುಡುಗಿಯೊಬ್ಬಳು ಬೇಸಿಗೆಗೆ ಆ ಜಾಗಕ್ಕೆ ಬರುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಛಾಯಾ ಹೋಗಿಬರಬೇಕು.

ತೀರ್ಮಾನ ತಿಳಿದ ಮರುದಿನ ಬೆಳಿಗ್ಗೆ ಉಪ್ಪಿಟ್ಟು ಸಿ.ಡಿ.ಯ ಸದ್ದಿಲ್ಲದೆ ಆಯಿತು. ರಾತ್ರಿ ಬಿದ್ದ ಹಿಮವನ್ನು ರೇವಣಪ್ಪ ಎಂದಿನಂತೆ ಕಾರಿನ ಗಾಜಿನಿಂದ ಕೆರೆದ. ಸೊಸೆಗೆಂದು ಅವನಿಂದ ಆಗುತ್ತಿದ್ದ ಕೆಲಸ ಅದೊಂದೇ. ಛಾಯಾ ಬಂದು ಕೂತು ಕೀಲಿ ತಿರುಗಿಸಿದಳು. ಕಾರಿನಲ್ಲೂ ಒಂದು ಸಿ.ಡಿ. ಇತ್ತು, ತೆಗೆಯುವುದು ಮರೆತಿದ್ದಳು. ಅದರೊಳಗಿನ ಹೆಂಗಸು ಲವಲವಿಕೆಯಿಂದ ಒಂದು ಪ್ರಶ್ನೆ ಕೇಳಿ ಸುಮ್ಮನಾದಳು.

ರೇವಣಪ್ಪ ಹಿಮ ಕೆರೆಯುವ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸೊಸೆಯ ತುಟಿ ನೋಡುತ್ತಾ ನಿಂತ. ಛಾಯಾ ಎದುರಿನ ಗಾಜಿನಾಚೆ ನೋಡುತ್ತಿದ್ದಳು. ಬಿಡುವು ಮುಗಿಯಿತು. ಹೆಂಗಸು ತಾನೇ ಉತ್ತರ ಹೇಳಿಕೊಂಡು, ಮುಂದಿನ ಪ್ರಶ್ನೆ ಕೇಳಿದಳು.