ಲೈಲ್ ಕೊಡದೆ ಹಿಡಿದುಕೊಂಡ ಹೆಲ್ಮೆಟ್

ಲೈಲ್ ಹೋಲ್ವರ್ಡಾ ಅಂದರೆ ನಮ್ಮೂರಿನವರು ಇವತ್ತಿಗೂ, ಆ ಹುಡುಗನ ಜೀವ ತೆಗೆದವನಲ್ಲವೇ ಅನ್ನುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಬಾಯಿ ಮಾತ್ರ ಬಿಚ್ಚುವುದಿಲ್ಲ.

ಮೂವತ್ತೊಂದು ವರ್ಷ ಅವನು ನಮ್ಮ ಕಾಲೇಜಿನ ಅಮೆರಿಕನ್ ಫುಟ್ಬಾಲ್ ಹುಡುಗರ ಕಣಕಾಲಿಗೆ ಪಟ್ಟಿ ಸುತ್ತಿದ. ಅದೇ ತಂಡದ ಬಟ್ಟೆ ಒಗೆಯುವುದು, ಹೆಲ್ಮೆಟ್ ರಿಪೇರಿ ಮಾಡುವುದು ನನ್ನ ಕೆಲಸ. ಲೈಲ್‌ನ ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟ್ ಇರುತ್ತಿತ್ತು, ಬಾಯಲ್ಲಿ ಮಾತೇ ಇರುತ್ತಿರಲಿಲ್ಲ. ಯಾರದಾದರೂ ತಲೆಗೆ ಪೆಟ್ಟು ಬಿದ್ದರೆ ಮಾತ್ರ ಮೂರು ಪ್ರಶ್ನೆ ಕೇಳುತ್ತಿದ್ದ: ಇದು ಯಾವ ಊರು, ಎದುರಾಳಿ ಯಾರು, ಬೆಳಿಗ್ಗೆ ಏನು ತಿಂದೆ. ಉತ್ತರ ತಪ್ಪಿದರೆ ಹುಡುಗನ ಹೆಲ್ಮೆಟ್ ಕಿತ್ತುಕೊಂಡು ತಾನೇ ಇಟ್ಟುಕೊಳ್ಳುತ್ತಿದ್ದ. ಹೆಲ್ಮೆಟ್ ಇಲ್ಲದೆ ಯಾರೂ ಅಂಗಳಕ್ಕೆ ಇಳಿಯುವಂತಿಲ್ಲ.

ತೊಂಬತ್ತನಾಲ್ಕರಲ್ಲಿ ನಮ್ಮವರು ಹತ್ತು ಆಟದಲ್ಲಿ ಮೊದಲ ಒಂಬತ್ತೂ ಗೆದ್ದರು. ಕಾಲೇಜು ಹುಟ್ಟಿದಾಗಿನಿಂದ ಹಾಗೆ ಆಗಿರಲಿಲ್ಲ. ಊರಿಗೆ ಊರೇ ಹುಚ್ಚೆದ್ದಿತು. ಅದೃಷ್ಟ ಕೆಡುತ್ತದೆ ಅಂತ ಕೋಚ್ ಬ್ರಾಂಡಲ್ ಒಂದೇ ಕೋಟು ತೊಡುತ್ತಿದ್ದ, ಹುಡುಗರು ತಮ್ಮ ಕಾಲುಚೀಲ ಒಗೆಯಲು ಬಿಡುತ್ತಿರಲಿಲ್ಲ. ಆ ನಾತ ಸಹಿಸಿಕೊಂಡವಳು ನಾನು. ಆದರೂ ಸುಳ್ಳೇಕೆ ಹೇಳಲಿ, ಹತ್ತಕ್ಕೆ ಹತ್ತೂ ಬೇಕು ಅಂತ ನನಗೂ ಇತ್ತು.

ಹತ್ತನೆಯ ಆಟ ನಮ್ಮ ಅಂಗಳದಲ್ಲೇ. ಐದು ನಿಮಿಷ ಉಳಿದಿತ್ತು, ನಾಲ್ಕು ಅಂಕ ಹಿಂದಿದ್ದೆವು. ಚೆಂಡು ಹಿಡಿದು ನುಗ್ಗುತ್ತಿದ್ದ ವೇಡ್ ಕುಬಿಕ್‌ನನ್ನು ಇಬ್ಬರು ಒಟ್ಟಿಗೇ ಬಂದು ಕೆಡವಿದರು. ಅವನು ಎದ್ದು ಬಂದಾಗ ಲೈಲ್ ಊರು ಯಾವುದು ಅಂತ ಕೇಳಿದ. "ನಮ್ಮಜ್ಜಿ ಊರು" ಅಂದ ವೇಡ್.

ಲೈಲ್ ಹೆಲ್ಮೆಟ್ ಕಿತ್ತುಕೊಂಡ. ಕೋಚ್ ಓಡಿ ಬಂದು ಬೈದ, ಆಮೇಲೆ ಗೋಗರೆದ, ಕೈ ಮುಗಿಯುವುದೊಂದು ಬಾಕಿ.

"ಆ ಹುಡುಗಂಗೆ ತಾನೆಲ್ಲಿದೀನಿ ಅಂತಾನೇ ಗೊತ್ತಿಲ್ಲ. ಕೊಡಲ್ಲ" ಅಂದ ಲೈಲ್.

ಅಷ್ಟರಲ್ಲಿ ಇನ್ನೊಬ್ಬನ ಕಾಲು ಉಳುಕಿತು. ಲೈಲ್ ಹೆಲ್ಮೆಟ್ಟನ್ನು ಮಂಡಿಗಳ ನಡುವೆ ಅದುಮಿಕೊಂಡು ಪಟ್ಟಿ ಸುತ್ತಲು ಬಗ್ಗಿದ. ವೇಡ್ ಬೆಂಚಿನ ಹಿಂದೆ, ನನ್ನ ಪೆಟ್ಟಿಗೆಯ ಹತ್ತಿರ ಬಂದ.

"ಮಾರ್ಲಿಸ್ ಆಂಟಿ, ನನ್ ಹೆಲ್ಮೆಟ್ ಪಟ್ಟಿ ಕಿತ್ತೋಯ್ತು. ಬೇರೆ ಕೊಡ್ಬೇಕಂತೆ. ಲೈಲ್ ಹೇಳಿದ್ರು."

ಅವನ ಹೆಲ್ಮೆಟ್ ಲೈಲ್‌ನ ಮಂಡಿಗಳ ನಡುವೆ ನನ್ನ ಕಣ್ಣೆದುರಿಗೇ ಇತ್ತು. ಪಟ್ಟಿಯೂ ಗಟ್ಟಿಯಾಗಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ಪೆಟ್ಟಿಗೆ ತೆಗೆದು ಬೇರೆ ಹೆಲ್ಮೆಟ್ ಕೊಟ್ಟೆ.

ವೇಡ್ ಮತ್ತೆ ಆಟಕ್ಕಿಳಿದು ಚೆಂಡನ್ನು ಗೆರೆ ದಾಟಿಸಿದ, ಆರು ಅಂಕ ಬಂತು. ಗೆದ್ದೆವು. ಜನ ನುಗ್ಗಿ ಗೋಲಿನ ಕಂಬವನ್ನೇ ಕಿತ್ತರು. ಆ ನೂಕುನುಗ್ಗಲಿನಲ್ಲಿ ವೇಡ್ ಕುಸಿದು ಬಿದ್ದದ್ದನ್ನು ಮೊದಲು ಕಂಡವನು ಲೈಲ್. ಹಳೆಯ ಹೆಲ್ಮೆಟ್ ಇನ್ನೂ ಅವನ ಕೈಯಲ್ಲೇ ಇತ್ತು. ಆರು ದಿನ ಆಸ್ಪತ್ರೆಯಲ್ಲಿದ್ದು ವೇಡ್ ತಲೆಗಾದ ಪೆಟ್ಟಿನಿಂದ ತೀರಿಕೊಂಡ.

ಡಿಸೆಂಬರಿನಲ್ಲಿ ವಿಚಾರಣೆ ನಡೆಯಿತು. ಆಗ ನನ್ನ ಗಂಡನಿಗೆ ಎರಡೂ ಕಿಡ್ನಿ ಹೋಗಿದ್ದವು. ನನ್ನ ಕಾಲೇಜಿನ ಕೆಲಸದ ಜೊತೆ ಬಂದ ವಿಮೆಯಿಂದಲೇ ಅವನ ಚಿಕಿತ್ಸೆ ನಡೆಯುತ್ತಿತ್ತು. ಅದು ಲೈಲ್‌ಗೆ ಗೊತ್ತಿತ್ತು. ಆದರೂ ನಿಜ ಹೇಳಿಬಿಡಬೇಕು ಅಂತಲೇ ನಾನು ಹೋಗಿದ್ದೆ, ದೇವರಾಣೆ.

ಎರಡನೆಯ ಹೆಲ್ಮೆಟ್ ಯಾರ ಮಾತಿನ ಮೇಲೆ ಕೊಟ್ಟದ್ದು ಅಂತ ಕೇಳಿದರು. ಲೈಲ್ ಎದ್ದು ನಿಂತ.

"ಹುಡುಗನ್ನ ಕಳ್ಸಿದ್ದು ನಾನೇ. ಮಾರ್ಲಿಸ್‌ಗೆ ಏನೂ ಗೊತ್ತಿರ್ಲಿಲ್ಲ."

ಮುಂದಿನ ಸಾಲಿನಲ್ಲಿದ್ದ ವೇಡ್‌ನ ತಾಯಿ ತಿರುಗಿ ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಲಿಲ್ಲ.

"ನಿಜಾನೇನಮ್ಮ?" ಅಂತ ನನ್ನನ್ನು ಕೇಳಿದರು.

ಹೌದು ಅಂದೆ.