ನಾಗತ್ತೆ ನೋಡಿದ ಕಾಲುಗಳು

ಬೆಳಗಿನ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಸಂಶೋಧನೆಯ ಪುಟ ಬರುತ್ತದೆ. ಸಿಂಧನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಪುರಾಣ ಓದುವವನ ಗಾಂಭೀರ್ಯದಿಂದ ಓದುತ್ತೇನೆ. ಹೋದ ವಾರ ವಿಷವಾಗಿದ್ದ ಚಹಾ ಈ ವಾರ ಅಮೃತವಾಗಿರುತ್ತದೆ. ನಾನೂ ಆಯಾ ವಾರದ ಧರ್ಮಕ್ಕೆ ನಿಷ್ಠನಾಗಿ ಒಂದು ಕಪ್ಪು ಹೆಚ್ಚೋ ಕಡಿಮೆಯೋ ಕುಡಿಯುತ್ತೇನೆ. ಇವತ್ತು, ಯಾವುದೋ ರೋಗದ ಮೂಲ ಹುಡುಕಲು ಮನೆಮನೆ ತಿರುಗಿದ ಪಂಡಿತರ ಸುದ್ದಿ ಇತ್ತು. ಓದುತ್ತ ಓದುತ್ತ ಚಹಾ ಆರಿಹೋಯಿತು. ಅಂಥ ಪಂಡಿತರೊಬ್ಬರ ಜೊತೆ ನಾನು ಒಂದೇ ಸೂರಿನಡಿ ಬಾಳಿದ್ದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ನನ್ನ ಸೋದರತ್ತೆ, ನಾಗತ್ತೆ. ನಿಜಾಮರ ಕಾಲ ಅದು. ಲಿಂಗಸುಗೂರಿನಲ್ಲಿ ನಾಲ್ಕಕ್ಷರ ಕಲಿತು ಬಂದು, ಮಸ್ಕಿಯ ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಹೊಸ ಮಾಸ್ತರ ನಾನು. ತಲೆಯ ಮೇಲೆ ಟೋಪಿ ಇತ್ತು. ಟೋಪಿಯ ಕೆಳಗೆ ಏನಿತ್ತೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಆಗ ನಮ್ಮ ಕಡೆ ನಾರುಹುಣ್ಣು ಎಂದರೆ ಬೇಸಿಗೆಯ ಬೀಗ, ಕರೆಯದಿದ್ದರೂ ಬರುತ್ತಿತ್ತು. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ನೂಲಿನಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ಅವಸರ ಮಾಡಿದರೆ ಹುಳ ಹರಿದು ಕಾಲು ಬಾಯುತ್ತದೆ. ಉರಿ ತಾಳದವರು ಊರಿನ ಮೆಟ್ಟಿಲ ಬಾವಿಗಿಳಿದು ಮೊಣಕಾಲುಮಟ ನಿಲ್ಲುತ್ತಿದ್ದರು. ಬಾವಿಯ ನೀರು ಹುಣ್ಣಿಗೆ ತಂಪು ಎಂದು ನಂಬಿಕೆ. ಪಕ್ಕದಲ್ಲೇ ಹೆಂಗಸರು ಕೊಡ ತುಂಬಿಕೊಳ್ಳುತ್ತಿದ್ದರು.

ಒಂದು ಬೇಸಿಗೆ ನಾಗತ್ತೆ ದಿನಾ ಒಂದೊಂದು ಮನೆಗೆ ಹೆಪ್ಪು ಕೇಳಲು ಹೊರಟಳು. ಹೆಪ್ಪು ನೆಪ, ನೋಡುತ್ತಿದ್ದದ್ದು ಕಾಲು. ಬಂದು ಅಡಿಗೆಮನೆಯ ಗೋಡೆಯ ಮೇಲೆ ಹುಣ್ಣಿನ ಕಾಲಿಗೊಂದರಂತೆ ಇದ್ದಿಲಿನಿಂದ ಗೀಟು ಎಳೆಯುವಳು. ಅರ್ಧ ಊರಿನ ಕಾಲುಗಳು ಗೋಡೆಗೆ ಬಂದವು. ನಮ್ಮ ಮೊಸರು ಮಾತ್ರ ದಿನಕ್ಕೊಂದು ಜಾತಿಯ ಹುಳಿಯಾಯಿತು.

ಕೊನೆಗೆ ಊರಾಚೆಯ ಕೇರಿಗೂ ಹೋದಳು. ಆ ಜನರಿಗೆ ಬಾವಿಯ ಮೆಟ್ಟಿಲು ತುಳಿಯುವ ಹಕ್ಕಿರಲಿಲ್ಲ. ಹಳ್ಳದ ಉಸುಕಿನಲ್ಲಿ ವರತಿ ತೋಡಿ, ಜಿನುಗಿದ ನೀರನ್ನು ಚಿಪ್ಪಿನಿಂದ ಬಳಿದು ಕುಡಿಯುತ್ತಿದ್ದರು. ಅಲ್ಲಿ ಒಂದು ಕಾಲಿನಲ್ಲೂ ಹುಣ್ಣಿರಲಿಲ್ಲ. ಅತ್ತೆ ಅಚ್ಚರಿಪಟ್ಟದ್ದಕ್ಕೆ ಅಲ್ಲಿಯ ಹನುಮವ್ವ ನಕ್ಕಳಂತೆ: "ನಿಮ್ಮ ಬಾವ್ಯಾಗ ನಮ್ಮನ್ನ ಇಳಸಲಿಲ್ಲಲ್ರೀ ಯವ್ವಾ, ನಿಮ್ಮ ಪುಣ್ಯಾದಾಗ ನಮ್ಮ ಕಾಲು ಉಳದಾವ."

ಆ ಸಂಜೆ ಅತ್ತೆ ನನ್ನ ಮುಂದೆ ಕೂತಳು. ಶರಣಮ್ಮನ ಜೊತೆ ನನ್ನ ಮದುವೆಯಾಗಿ ಮೂರು ತಿಂಗಳಾಗಿತ್ತು.

"ಲೇ ಮಾಸ್ತರ, ಹುಳ ಬಾವಿ ನೀರಾಗ ಐತಿ. ಶರಣಮ್ಮಗ ವರತಿ ನೀರು ತಂದು ಕೊಡು."

ನಾನು ಗಾಜಿನ ಲೋಟದಲ್ಲಿ ಬಾವಿ ನೀರು ಹಿಡಿದು ಬೆಳಕಿಗೆ ಎತ್ತಿದೆ. ಬಣ್ಣವಿಲ್ಲದ, ವಾಸನೆಯಿಲ್ಲದ, ಪುಸ್ತಕದಲ್ಲಿ ಹೇಳಿದಂಥದೇ ನೀರು. "ಎಲ್ಲೈತಿ ಹುಳ, ತೋರಸು."

"ಕಂಡದ್ದಷ್ಟ ಖರೇ ಅಂದ್ರ, ನಿನ್ನ ಬುದ್ಧಿ ಎಲ್ಲೈತಿ ತೋರಸು ನೋಡೋಣು."

"ಕೇರಿ ನೀರು ಕುಡದ್ರ ನಾಕು ಮಂದಿ ಏನಂತಾರತ್ತಿ? ಬೇಕಾದ್ರ ನೀನ ತಂದುಕೊ."

"ನಾ ತಂದ್ರ ಮುದುಕಿಗೆ ಹುಚ್ಚು ಅಂತಾರ. ಮಾಸ್ತರ ತಂದ್ರ ನಾಳಿ ಊರು ತರತೈತಿ."

ನಾನು ತರಲಿಲ್ಲ. ಹುಳ ನೀರಿನಲ್ಲಿಲ್ಲವೆಂಬ ಧೈರ್ಯಕ್ಕಿಂತ, ಹಳ್ಳದ ದಂಡೆಯಲ್ಲಿ ಹನುಮವ್ವನ ಮುಂದೆ ಕೊಡ ಹಿಡಿದು ನಿಲ್ಲಬೇಕಲ್ಲ ಎಂಬ ಹೆದರಿಕೆಯೇ ದೊಡ್ಡದಾಗಿತ್ತು. ಅದಕ್ಕೆ ನಾನಿಟ್ಟ ಹೆಸರು ಶಾಸ್ತ್ರ.

ಮರುವರ್ಷದ ಬೇಸಿಗೆಗೆ ಶರಣಮ್ಮನ ಮೊಣಕಾಲಿನಲ್ಲಿ ಹುಳ ತಲೆ ಹಾಕಿತು. ನಾಗತ್ತೆ "ಹೇಳಿದ್ದೆನಲ್ಲ" ಅನ್ನಲಿಲ್ಲ. ದಿನಾ ಬೆಳಗ್ಗೆ ಬೇವಿನ ತಪ್ಪಲು ಅರೆದು ಹಚ್ಚಿ, ಕಡ್ಡಿ ಹಿಡಿದು ಬೆರಳಗಲ ಸುತ್ತುತ್ತಿದ್ದಳು. ಒಂದು ದಿನ ಅವಳಿಗೆ ಜ್ವರ. ಕಡ್ಡಿ ನನ್ನ ಕೈಗೆ ಬಂತು. ನಾನು ಅವಸರ ಮಾಡಿದೆ. ಹುಳ ಹರಿಯಿತು. ಕೀವು ಇಳಿಯುವಷ್ಟರಲ್ಲಿ ಮಂಡಿ ಸೆಟೆದುಹೋಗಿತ್ತು. ಅಂದಿನಿಂದ ಶರಣಮ್ಮ ಆ ಕಾಲು ಮಡಚಿ ನೆಲಕ್ಕೆ ಕೂತಿಲ್ಲ.

ಎಷ್ಟೋ ವರ್ಷಗಳ ಮೇಲೆ ಆರೋಗ್ಯ ಖಾತೆಯವರು ಬಂದು ನಾಗತ್ತೆಯ ಮಾತನ್ನೇ ಹೇಳಿದರು. ಬಾವಿಯ ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಿದರು. ಅಷ್ಟೊತ್ತಿಗೆ ನಾಗತ್ತೆ ತೀರಿಕೊಂಡಿದ್ದಳು. ಅವಳ ಗೀಟುಗಳ ಮೇಲೆ ನಾನೇ ಸುಣ್ಣ ಬಳಿಸಿದ್ದೆ.

ಇಷ್ಟನ್ನು ನಾನು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಹುಳ ಹರಿದದ್ದು ಅವಳಿಗೆ ಗೊತ್ತು. ಬೇರೆ ನೀರಿತ್ತು, ಅತ್ತೆ ತರಲು ಹೇಳಿದ್ದಳು, ನಾನು ಒಲ್ಲೆ ಅಂದೆ ಎಂಬುದು ಗೊತ್ತಿಲ್ಲ ಅಂದುಕೊಂಡಿದ್ದೆ. ಇವತ್ತು ಒಳಗೆ ಹೋಗಿ ಹೇಳಿಬಿಟ್ಟೆ. ಅವಳು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತೈತ್ರೀ. ಅತ್ತಿ ಮೊದ್ಲು ನನ್ನ ಮುಂದನ ಹೇಳಿದ್ಲು. ಕೇರಿ ನೀರು ಕುಡದ್ರ ತವರಮನ್ಯಾಗ ಒಳಗ ಕರಕೊಳ್ಳಂಗಿಲ್ಲ, ನಾ ಒಲ್ಲೆ ಅಂದೆ. ಆಮ್ಯಾಲ ನಿಮ್ಮ ಹತ್ರ ಬಂದಾಳ."

ಇಷ್ಟು ವರ್ಷ ಈ ತಪ್ಪೆಲ್ಲ ನನ್ನೊಬ್ಬನದೇ ಆಸ್ತಿ ಎಂದು ಒಂಟಿಯಾಗಿ ಕಾಯ್ದಿದ್ದೆ. ನೋಡಿದರೆ ಗೋಡೆಯ ಆಚೆ ಮಗ್ಗುಲು ಅವಳೂ ಕಾವಲಿದ್ದಳು. ನಾನೂ ಅವಳ ಎದುರು ಕೂತು ಕಾಯಿ ಸುಲಿಯತೊಡಗಿದೆ. ಕಾಯಿ ಮುಗಿದ ಮೇಲೆ ಅವಳೇ ಕೇಳಿದಳು.

"ಹನುಮವ್ವನ ಮಗಳು ಮಸ್ಕ್ಯಾಗ ಅದಾಳಂತ. ನಾಳಿ ಬಸ್ಸಿಗೆ ಹೋಗೋಣೇನ್ರೀ?"

"ಹೋಗಿ ಏನನ್ನೋಣು?"

"ಏನೂ ಅನ್ನಾದು ಬ್ಯಾಡ. ಒಂದು ಚರಗಿ ನೀರು ಕೊಡವಾ ಅನ್ನೋಣು. ಕುಡದು ಬರೋಣು."