ಗಡಿಯಾರ ಸರಿಯಾದ ಮೇಲೆ

ಗಜಾನನ ಜೋಯಿಸರು ಬೈಯದ ವಸ್ತುವೇ ಇರಲಿಲ್ಲ. ಬಸ್ಸು ತಡವಾದರೆ ಬಸ್ಸಿಗೆ, ಚಹಾ ಆರಿದರೆ ಲೋಟಕ್ಕೆ, ಬೈಗುಳವಂತೂ ತಪ್ಪುತ್ತಿರಲಿಲ್ಲ. ಬಿಳಗಿ ಕಡೆಯಿಂದ ಕಂಪ್ಯೂಟರನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿದು, ಸಿದ್ದಾಪುರ ಪೇಟೆಯ ನನ್ನ ರಿಪೇರಿ ಅಂಗಡಿಗೆ ಬರುತ್ತಿದ್ದರು. "ತಗ, ಈ ಶನಿಯ ನೋಡು" ಎಂದು ಮೇಜಿನ ಮೇಲೆ ಕುಕ್ಕುತ್ತಿದ್ದರು. ಆದರೆ ಮನುಷ್ಯರಿಗೆ ಅವರು ಬೈದದ್ದನ್ನು ನಾನು ನೋಡಿದ್ದು ಒಂದೇ ಸಲ.

ಜಾತಕ ಬರೆಯುವ ಪ್ರೋಗ್ರಾಮು ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಜೋಯಿಸರು ಅದರಲ್ಲೇ ಪ್ರಶ್ನೆಯನ್ನೂ ನೋಡುತ್ತಿದ್ದರು. ಏನೋ ಕಳೆದುಹೋಗಿದೆ ಎಂದು ಯಾರಾದರೂ ಬಂದು ಕೇಳಿದರೆ, ಕೇಳಿದ ಆ ಗಳಿಗೆಗೆ ಕುಂಡಲಿ ಹಾಕಿ ಫಲ ಹೇಳುವುದು ಪದ್ಧತಿ. ಗಳಿಗೆಯನ್ನು ಕಂಪ್ಯೂಟರೇ ತನ್ನ ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು, ಇವರು ಗುಂಡಿ ಒತ್ತಿದರೆ ಮುಗಿಯಿತು.

ಆ ಗಡಿಯಾರವೇ ಹಿಂದೆ ಬೀಳುತ್ತಿದೆ ಎಂದು ಒಂದು ದಿನ ಹೊತ್ತು ತಂದರು. ಬ್ಯಾಟರಿ ಹಳೆಯದಾಗಿರಬೇಕೆಂದು ಬದಲಿಸಿ ಕಳಿಸಿದೆ. ಮುಂದಿನ ಹಬ್ಬ ಮುಗಿದದ್ದೇ ಮತ್ತೆ ಬಂದರು. "ನಿನ್ನ ಬ್ಯಾಟರಿಗೆ ಬೆಂಕಿ ಬೀಳಲಿ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ್ರೆ ಇದಕ್ಕೆ ಇನ್ನೂ ಬೆಳಿಗ್ಗೆ!"

ವ್ಯತ್ಯಾಸ ಸರಿಯಾಗಿ ಐದೂವರೆ ತಾಸು. ಆಗ ನನಗೆ ಹೊಳೆಯಿತು. ಅವರ ಅಳಿಯ ಯಲ್ಲಾಪುರದಲ್ಲಿ ಮೇಷ್ಟರು. ಹಿಂದಿನ ಹಬ್ಬಕ್ಕೆ ಬಂದಾಗಲೇ ತನ್ನ ಕೆಲಸಕ್ಕೆಂದು, ಕಂಪ್ಯೂಟರನ್ನು ನಡೆಸುವ ವಿಂಡೋಸ್ ಪಕ್ಕದಲ್ಲೇ ಅಂಥದ್ದೇ ಇನ್ನೊಂದಾದ ಲಿನಕ್ಸನ್ನೂ ಹಾಕಿದ್ದ. ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ಯಜಮಾನರು, ಇಬ್ಬರಿಗೂ ಸೇರಿ ಒಳಗೆ ಒಂದೇ ಗಡಿಯಾರ. ಲಿನಕ್ಸು ಅದರಲ್ಲಿ ನಮಗಿಂತ ಐದೂವರೆ ತಾಸು ಹಿಂದಿರುವ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸು ಅದನ್ನೇ ನಮ್ಮೂರ ಸಮಯ ಎಂದು ನಂಬುತ್ತದೆ. ಅಳಿಯ ಬಂದಾಗಲೆಲ್ಲ ತನ್ನ ಕಡೆ ಗಂಟೆ ಸರಿ ಮಾಡುತ್ತಿದ್ದ, ಮಾವನ ಕಡೆ ಅದು ಕೆಡುತ್ತಿತ್ತು. ನೀನೂ ನಮ್ಮೂರ ಸಮಯವನ್ನೇ ಇಟ್ಟುಕೋ ಎಂದು ಲಿನಕ್ಸಿಗೆ ಒಂದು ಸಾಲು ಬರೆದೆ. ಎರಡನ್ನೂ ಒಂದಾದ ಮೇಲೊಂದು ತೆರೆದು ತೋರಿಸಿದೆ. ಗಂಟೆ ಹೊಂದಿತು.

ಜೋಯಿಸರು ಬೈಯಲಿಲ್ಲ. ಕುರ್ಚಿಯಲ್ಲಿ ಕುಳಿತೇಬಿಟ್ಟರು.

"ಹಿಂದಿನ ಹಬ್ಬದ ಮರುದಿನ ಒಂದು ಪ್ರಶ್ನೆ ನೋಡಿದ್ದಿ. ಸರ ಕಳದ್ದು ಹೇಳಿ ಬಂದಿದ್ದ. ಮನೆ ಒಳಗೆ ಓಡಾಡೋ ಹೆಂಗಸು ಹೇಳಿ ಬಂತು. ಅದನ್ನೇ ಹೇಳ್ದಿ." ಗಡಿಯಾರ ಕೆಟ್ಟಿದ್ದ ಹೊತ್ತಿನಲ್ಲೇ ತಾವು ಆ ಫಲ ಹೇಳಿದ್ದೆಂದು ಅವರಿಗೆ ಹೊಳೆದಿತ್ತು.

ಬಂದಿದ್ದವರು ಪಕ್ಕದೂರಿನ ದೊಡ್ಡ ಕುಳ. ಹೆಸರು ಹೇಳುವುದಿಲ್ಲ, ಈಗಲೂ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ. ಅವರ ಮನೆಗೆಲಸದ ಗಿರಿಜೆಯನ್ನು ಆವತ್ತೇ ಹೊರಗೆ ಹಾಕಿದ್ದರು. ಜೋಯಿಸರ ಬಾಯಲ್ಲಿ ಬಂದ ಮಾತೆಂದ ಮೇಲೆ ಸುತ್ತಲಿನ ಯಾವ ಮನೆಯವರೂ ಅವಳನ್ನು ಕರೆಯಲಿಲ್ಲ. ಒಬ್ಬರಾದರೂ ಅವಳನ್ನು ಕೂರಿಸಿ ಕೇಳಿದ್ದರೇ? ನೆನೆದರೆ ಈಗಲೂ ಮೈ ಉರಿಯುತ್ತದೆ.

"ಬೈಕ್ ತೆಗಿ. ಸಾಕ್ಷಿಗೆ ನೀನೂ ಬಾ" ಎಂದರು.

ಆ ಮನೆಯ ಜಗುಲಿಯಲ್ಲಿ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದರು. ಯಜಮಾನರು ಎಲೆಗೆ ಸುಣ್ಣ ಸವರುತ್ತಲೇ ಕೇಳಿದರು. "ಗಡಿಯಾರ ತಪ್ಪಿಕ್ಕು ಜೋಯಿಸರೇ. ಆದ್ರೆ ಅವಳ ಮೇಲೆ ಯಂಗಕ್ಕೆ ಮೊದ್ಲಿಂದ್ಲೂ ಸಂಶಯ ಇತ್ತು."

ಆಗ ನೋಡಬೇಕಿತ್ತು ಜೋಯಿಸರನ್ನು. "ಸಂಶಯ ನಿಂದು, ಬಾಯಿ ಯಂದಾ? ನಿಂಗೆ ಬೇಕಾದ್ದನ್ನ ಯನ್ನ ಬಾಯಲ್ಲಿ ಹೇಳಿಸ್ಕ್ಯಂಡ್ಯಲಾ! ಅವಳ ಕರೆಸಿ ತಪ್ಪಾತು ಹೇಳು. ಅಲ್ಲೀವರೆಗೆ ನಿನ್ನ ಮನೆ ನೀರೂ ಬೇಡ ಯಂಗೆ." ತಂದಿಟ್ಟ ಬೆಲ್ಲ ನೀರನ್ನು ಮುಟ್ಟದೆ ಇಳಿದುಬಂದರು. ಯಜಮಾನರು ಕರೆಸಲಿಲ್ಲ, ಬಿಡಿ.

ಅಲ್ಲಿಂದ ನೇರ ಗಿರಿಜೆಯ ಮನೆಗೆ ಹೋದೆವು. ಅವಳು ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. "ತಪ್ಪು ನಂದು ಗಿರಿಜಾ. ಗಡಿಯಾರ ಸರಿ ಇರ್ಲಿಲ್ಲ" ಎಂದು ಜೋಯಿಸರು ಕೈ ಮುಗಿದರು. ಅವಳು ಸೌದೆ ಕೆಳಗಿಟ್ಟಳು.

"ಗಡಿಯಾರ ಸರಿ ಇದ್ದು, ಆಗ್ಲೂ ನನ್ ಕಡೆಗೇ ತೋರ್ಸಿದ್ರೆ? ಆಗ ನಾನು ಕಳ್ಳಿ ಆಗ್ತಿದ್ನಾ ಭಟ್ರೇ?"

 ಮರಳುವಾಗ ಜೋಯಿಸರು ದಾರಿಯ ಹೊಂಡಗಳಿಗೂ ಬೈಯಲಿಲ್ಲ. ಅಂದಿನಿಂದ ಪ್ರಶ್ನೆ ನೋಡುವುದನ್ನೇ ಬಿಟ್ಟರು. ಮುಹೂರ್ತ, ಜಾತಕ ಅಷ್ಟೇ. ಯಾರಾದರೂ ಒತ್ತಾಯಿಸಿದರೆ, "ಒಬ್ಬರ ಕಡೆ ಬೆರಳು ತೋರ್ಸ ಕೆಲ್ಸ ಯಂಗೆ ಆಗ್ತಿಲ್ಲೆ" ಎನ್ನುತ್ತಿದ್ದರು. ತಮ್ಮ ಮನೆಯ ಕೆಲಸಕ್ಕೆ ಕರೆದರೂ ಗಿರಿಜೆ ಬರಲಿಲ್ಲ. ಬರಬೇಕಾದ್ದೂ ಇರಲಿಲ್ಲ.

ಜೋಯಿಸರು ತೀರಿಕೊಂಡ ವರ್ಷವೇ ಆ ಯಜಮಾನರು ನನ್ನ ಅಂಗಡಿಗೆ ಬಂದರು. "ಜೋಯಿಸರ ಹತ್ರ ಇದ್ದ ಪ್ರೋಗ್ರಾಮು ನಮ್ಮ ಕಂಪ್ಯೂಟರಿಗೂ ಹಾಕು. ಮನೇಲಿ ಒಂದು ಉಂಗುರ ಕಾಣ್ತಿಲ್ಲೆ. ಗಡಿಯಾರ ಮಾತ್ರ ಸರಿ ಮಾಡಿ ಕೊಡು ಮಾರಾಯ."

"ಯಾರ ಮೇಲೆ ಸಂಶಯ?" ಎಂದೆ.

ಥಟ್ಟನೆ ಹೊಸ ಕೆಲಸದವಳ ಹೆಸರು ಹೇಳಿದರು.

ಜೋಯಿಸರು ಇದ್ದಿದ್ದರೆ ಅವರೇ ಬೈಯುತ್ತಿದ್ದರು. ಇರಲಿಲ್ಲವಲ್ಲ. ಆವತ್ತು ನಾನೇ ಬೈದೆ.